ಕಾರ್ಡ್ ಹೊಸದು, ಡ್ರೈವರ್ ಹಳೆಯದು

ನಮಸ್ಕಾರ. ಮದುವೆ ಸೀಸನ್ ಶುರುವಾಗುವ ಮುಂಚೆ ಸ್ಟುಡಿಯೋದ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಛಾಯಾಗ್ರಾಹಕರು ಈಗ ಬಹಳ ಮಂದಿ ಇದ್ದಾರೆ. 2023ರ ಏಪ್ರಿಲ್‌ನಲ್ಲಿ ಚಿತ್ರ ತಿದ್ದುವ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್‌ಗೆ ಬಂದ ಎಐ ಡಿನಾಯ್ಸ್ ಇದಕ್ಕೊಂದು ದೊಡ್ಡ ಕಾರಣ. ಛತ್ರದ ಮಂದ ಬೆಳಕಿನಲ್ಲಿ ಐಎಸ್‌ಒ ಏರಿಸಿ ತೆಗೆದ ಚಿತ್ರಗಳ ನಾಯ್ಸ್ (ಕಾಳುಕಾಳಾಗಿ ಕಾಣುವ ಚುಕ್ಕೆಗಳು) ತೆಗೆಯಲು ಹಳೆಯ ಕಾರ್ಡ್ ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಹಿಡಿದರೆ, ಒಳ್ಳೆಯ ಹೊಸ ಕಾರ್ಡ್ ಅದನ್ನು ಸೆಕೆಂಡುಗಳಲ್ಲಿ ಮುಗಿಸುತ್ತದೆ. ಇಷ್ಟನ್ನು ನಂಬಿ ಹತ್ತಾರು ಸಾವಿರ ರೂಪಾಯಿ ಸುರಿದವರು ಮರುದಿನ ಫೋಟೋಶಾಪ್ ತೆರೆದರೆ ಪರದೆ ಕಪ್ಪಾಗುತ್ತದೆ, ಬ್ರಷ್ ಎಳೆದರೆ ಗೆರೆ ತಡವಾಗಿ ಮೂಡುತ್ತದೆ, ಇಲ್ಲವೇ ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಂತುಹೋಗುತ್ತದೆ.

ಆಗ ಸಿಗುವ ಸಲಹೆಗಳು ಸಾಮಾನ್ಯವಾಗಿ ಎರಡು. ಪ್ರಿಫರೆನ್ಸಸ್‌ಗೆ ಹೋಗಿ, ಪರ್ಫಾರ್ಮೆನ್ಸ್ ವಿಭಾಗದಲ್ಲಿ ‘ಯೂಸ್ ಗ್ರಾಫಿಕ್ಸ್ ಪ್ರೊಸೆಸರ್’ ಎಂಬುದರ ಟಿಕ್ ತೆಗೆದುಬಿಡಿ ಎನ್ನುವುದು ಮೊದಲನೆಯದು. ವಿಂಡೋಸ್ ಫಾರ್ಮ್ಯಾಟ್ ಮಾಡಿಸಿಬಿಡಿ ಎನ್ನುವುದು ಎರಡನೆಯದು. ಈ ಎರಡನ್ನೂ ಪರಿಹಾರವೆಂದು ಹೇಳಿ ಕಳಿಸುವುದು ತಪ್ಪು ಎಂದು ನಾನು ದೃಢವಾಗಿ ನಂಬುತ್ತೇನೆ. ಟಿಕ್ ತೆಗೆದರೆ ಫೋಟೋಶಾಪ್ ತೆರೆದುಕೊಳ್ಳಬಹುದು. ಆದರೆ ಮೌಸ್ ಎಳೆದು ಹಿಗ್ಗಿಸಿ ನೋಡುವ ಸ್ಕ್ರಬಿ ಝೂಮ್, ಕ್ಯಾನ್ವಾಸ್ ತಿರುಗಿಸಿ ನೋಡುವ ರೊಟೇಟ್ ವ್ಯೂ ಮುಂತಾದ ಸೌಲಭ್ಯಗಳು ಗ್ರಾಫಿಕ್ಸ್ ಪ್ರೊಸೆಸರ್ ಇಲ್ಲದೆ ನಡೆಯುವುದೇ ಇಲ್ಲ, ಮತ್ತು ಯಾವ ವೇಗಕ್ಕಾಗಿ ಹಣ ಕೊಟ್ಟಿರೋ ಆ ವೇಗವೂ ಅದರ ಜೊತೆಗೇ ಹೋಗುತ್ತದೆ. ಟಿಕ್ ತೆಗೆದು ನೋಡುವುದಕ್ಕೆ ಒಂದೇ ಒಂದು ಉಪಯೋಗವಿದೆ: ತೊಂದರೆ ಮಾಯವಾದರೆ ಅದು ಕಾರ್ಡ್, ಡ್ರೈವರ್ (ವಿಂಡೋಸ್ ಕಾರ್ಡನ್ನು ನಡೆಸಲು ಬಳಸುವ ತಂತ್ರಾಂಶ), ವಿದ್ಯುತ್ತು ಇವುಗಳ ಕಡೆಯದು, ಮಾಯವಾಗದಿದ್ದರೆ ಬೇರೆಡೆ ಹುಡುಕಬೇಕು. ಅಷ್ಟು ತಿಳಿದ ಮೇಲೆ ಟಿಕ್ ಮತ್ತೆ ಹಾಕಲೇಬೇಕು.

ಬಹುಪಾಲು ಸಂದರ್ಭಗಳಲ್ಲಿ ತೊಂದರೆಯ ಮೂಲ ಡ್ರೈವರ್‌ನಲ್ಲಿರುತ್ತದೆ. ಹಳೆಯ ಕಾರ್ಡ್ ಎಎಮ್‌ಡಿಯದ್ದಾಗಿದ್ದು ಹೊಸದು ಎನ್‌ವಿಡಿಯಾದ್ದಾದರೆ, ಕಾರ್ಡ್ ಕಿತ್ತು ಪಕ್ಕಕ್ಕಿಟ್ಟ ಮಾತ್ರಕ್ಕೆ ಅದರ ಡ್ರೈವರ್ ವಿಂಡೋಸ್‌ನಿಂದ ಹೊರಟುಹೋಗುವುದಿಲ್ಲ. ಅದರ ಮೇಲೆ, ನೀವು ಹೊಸ ಡ್ರೈವರ್ ಇಳಿಸಿಕೊಳ್ಳುವಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ತನ್ನ ಬಳಿಯಿರುವ ಯಾವುದೋ ಆವೃತ್ತಿಯನ್ನು ಸದ್ದಿಲ್ಲದೆ ಹಾಕಿಬಿಟ್ಟಿರುತ್ತದೆ. ಆದ್ದರಿಂದ ಹೊಸ ಡ್ರೈವರಿನ ಫೈಲನ್ನು ಮೊದಲೇ ಇಳಿಸಿಟ್ಟುಕೊಂಡು, ಇಂಟರ್‌ನೆಟ್ ಕೇಬಲ್ ತೆಗೆದು, ಸೇಫ್ ಮೋಡ್‌ಗೆ (ಅಗತ್ಯವಾದಷ್ಟೇ ಭಾಗಗಳೊಡನೆ ವಿಂಡೋಸ್ ತೆರೆಯುವ ವಿಧಾನ) ಹೋಗಿ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ಸಾಧನದಿಂದ ಹಳೆಯದರ ಅವಶೇಷಗಳನ್ನೆಲ್ಲ ಅಳಿಸಿ, ಆಮೇಲೆ ಹೊಸದನ್ನು ಹಾಕುವುದು ಒಳ್ಳೆಯದು. ಎನ್‌ವಿಡಿಯಾದಿಂದ ಎನ್‌ವಿಡಿಯಾಕ್ಕೇ ಹೋಗುತ್ತಿದ್ದರೆ ಇಷ್ಟು ಶ್ರಮ ಹೆಚ್ಚಿನ ಸಲ ಬೇಕಾಗುವುದಿಲ್ಲ; ಡ್ರೈವರ್ ಹಾಕುವಾಗಲೇ ‘ಕ್ಲೀನ್ ಇನ್‌ಸ್ಟಲೇಶನ್’ ಆರಿಸಿಕೊಂಡರೆ ಸಾಕು. ಎನ್‌ವಿಡಿಯಾದಲ್ಲಿ ಗೇಮ್ ರೆಡಿ ಮತ್ತು ಸ್ಟುಡಿಯೋ ಎಂದು ಎರಡು ಬಗೆಯ ಡ್ರೈವರುಗಳಿವೆ. ಚಿತ್ರ ಸಂಪಾದನೆಯೇ ಹೊಟ್ಟೆಪಾಡಾದವರು 2019ರಿಂದ ಲಭ್ಯವಿರುವ ಸ್ಟುಡಿಯೋ ಡ್ರೈವರನ್ನೇ ಹಾಕಿಕೊಳ್ಳಬೇಕೆಂಬುದು ನನ್ನ ಮತ, ಏಕೆಂದರೆ ಸಂಪಾದನೆಯ ತಂತ್ರಾಂಶಗಳನ್ನು ಗಮನದಲ್ಲಿಟ್ಟು ಪರೀಕ್ಷಿಸಿ ಬಿಡುಗಡೆ ಮಾಡುವುದು ಅದನ್ನೇ.

ಇದಾದ ಮೇಲೂ ಫೋಟೋಶಾಪ್ ತಕರಾರು ಮಾಡಿದರೆ ಹೆಲ್ಪ್ ಮೆನುವಿನಲ್ಲಿರುವ ಸಿಸ್ಟಮ್ ಇನ್ಫೋ ತೆರೆದು, ಅದು ಯಾವ ಕಾರ್ಡನ್ನು ಗುರುತಿಸಿದೆ ಎಂದು ಓದಿ. ಅಲ್ಲಿ ಹೊಸ ಕಾರ್ಡಿನ ಹೆಸರಿನ ಬದಲು ಇಂಟೆಲ್ ಗ್ರಾಫಿಕ್ಸ್ ಎಂದು ಕಂಡರೆ ಕಂಪ್ಯೂಟರಿನ ಹಿಂಭಾಗ ನೋಡಿ. ಮಾನಿಟರಿನ ಕೇಬಲ್ ಇನ್ನೂ ಮದರ್‌ಬೋರ್ಡಿನಲ್ಲೇ ಇರುವ ಸಾಧ್ಯತೆ ಹೆಚ್ಚು. ಕೇಬಲ್ ಸರಿಯಿದ್ದರೆ, ಹಳೆಯ ಕಾರ್ಡಿನ ಕಾಲದ ಸೆಟ್ಟಿಂಗ್‌ಗಳನ್ನು ತೊಡೆಯಲು ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು ಫೋಟೋಶಾಪ್ ತೆರೆದರೆ ಪ್ರಿಫರೆನ್ಸಸ್ ಮೊದಲಿನ ಸ್ಥಿತಿಗೆ ಬರುತ್ತದೆ. ಆದರೆ ನಿಮ್ಮ ಆ್ಯಕ್ಷನ್‌ಗಳನ್ನು (ಮತ್ತೆ ಮತ್ತೆ ಬಳಸಲು ದಾಖಲಿಸಿಟ್ಟ ಹೆಜ್ಜೆಗಳನ್ನು) ಅದಕ್ಕೆ ಮುಂಚೆ ಬೇರೆ ಕಡೆ ಉಳಿಸಿಟ್ಟುಕೊಳ್ಳಿ.

ಡಾರ್ಕ್‌ಟೇಬಲ್ ಎಂಬ ಉಚಿತ ಸಂಪಾದನಾ ತಂತ್ರಾಂಶ ಬಳಸುವವರಿಗೆ ಒಂದು ಮಾತು. ಅದು ಓಪನ್‌ಸಿಎಲ್ ಎಂಬ ವ್ಯವಸ್ಥೆಯ ಮೂಲಕ ಕಾರ್ಡನ್ನು ಬಳಸುವುದರಿಂದ ಹೊಸ ಕಾರ್ಡಿಗೆ ಬೇಕಾದ ತನ್ನ ಕರ್ನಲ್‌ಗಳನ್ನು (ಕಾರ್ಡಿನ ಮೇಲೆ ಓಡುವ ಚಿಕ್ಕ ಪ್ರೋಗ್ರಾಮುಗಳನ್ನು) ಮೊದಲ ಸಲ ತೆರೆದಾಗ ಮತ್ತೆ ಕಂಪೈಲ್ ಮಾಡಿಕೊಳ್ಳುತ್ತದೆ. ಆ ಹೊತ್ತಿನ ನಿಧಾನ ದೋಷವಲ್ಲ, ಗಾಬರಿಯಾಗಿ ನಡುವೆ ಮುಚ್ಚಬೇಡಿ.

ಇನ್ನು ವಿದ್ಯುತ್ತಿನ ಮಾತು. ಜಿಟಿಎಕ್ಸ್ 1650 ಕಾರ್ಡ್ 75 ವ್ಯಾಟ್‌ನಲ್ಲಿ ಕೆಲಸ ಮಾಡುತ್ತದೆ, ಅಷ್ಟನ್ನು ಮದರ್‌ಬೋರ್ಡಿನ ಸ್ಲಾಟೇ ಕೊಡಬಲ್ಲದು. ಅದೇ ಜಾಗಕ್ಕೆ ಆರ್‌ಟಿಎಕ್ಸ್ 3060 ಬಂದರೆ 170 ವ್ಯಾಟ್ ಬೇಕು. ಅದಕ್ಕೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಕನಿಷ್ಠ 550 ವ್ಯಾಟ್‌ನದಿರಲಿ ಎಂದು ಎನ್‌ವಿಡಿಯಾವೇ ಸೂಚಿಸುತ್ತದೆ. ಹಳೆಯ ಎಸ್‌ಎಂಪಿಎಸ್ ಅನ್ನೇ ಉಳಿಸಿಕೊಂಡ ಯಂತ್ರ ಇಡೀ ದಿನ ಲೈಟ್‌ರೂಮ್‌ನಲ್ಲಿ ಬಣ್ಣ ತಿದ್ದುವಾಗ ಚೆನ್ನಾಗಿಯೇ ಇದ್ದು, ಇನ್ನೂರು ಚಿತ್ರಗಳನ್ನು ಒಟ್ಟಿಗೆ ಡಿನಾಯ್ಸ್‌ಗೆ ಬಿಟ್ಟ ಕೂಡಲೇ ಫಟ್ಟೆಂದು ಆರಿಹೋಗಬಹುದು. ತಂತ್ರಾಂಶ ಮಾತ್ರ ಮುಚ್ಚಿಕೊಳ್ಳುವುದು ಬೇರೆ, ಯಂತ್ರವೇ ಆರುವುದು ಬೇರೆ. ಎರಡನೆಯದಾದರೆ ಡ್ರೈವರನ್ನು ಬಿಟ್ಟು ಮೊದಲು ಎಸ್‌ಎಂಪಿಎಸ್ ಅನ್ನು ನೋಡಬೇಕು. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂದರೆ ಅದು ಮೂರನೆಯ ಬಗೆ: ಗ್ರಾಫಿಕ್ಸ್ ಕಾರ್ಡ್ ಎರಡು ಸೆಕೆಂಡಿನೊಳಗೆ ಉತ್ತರಿಸದಿದ್ದರೆ ವಿಂಡೋಸ್ ಡ್ರೈವರನ್ನು ಮರುಚಾಲನೆ ಮಾಡುತ್ತದೆ, ವಿಂಡೋಸ್‌ನ ದಾಖಲೆ ಪುಸ್ತಕವಾದ ಇವೆಂಟ್ ವ್ಯೂವರ್‌ನಲ್ಲಿ 4101 ಎಂಬ ಸಂಖ್ಯೆಯಡಿ ಅದರ ದಾಖಲೆಯೂ ಸಿಗುತ್ತದೆ. ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯಲ್ಲಿ ಆ ಎರಡು ಸೆಕೆಂಡನ್ನು ಹಿಗ್ಗಿಸಿ ಎಂದು ಹೇಳುವವರು ಸಿಗುತ್ತಾರೆ. ಬೇರೆಲ್ಲ ಕಾರಣಗಳನ್ನು ಪರೀಕ್ಷಿಸುವ ಮೊದಲೇ ಅದಕ್ಕೆ ಕೈಹಾಕುವುದು ಜ್ವರ ನೋಡುವ ಥರ್ಮಾಮೀಟರನ್ನು ತಿದ್ದಿದ ಹಾಗೆ.

ಇಷ್ಟೂ ತೊಂದರೆಗಳು ಕಣ್ಣಿಗೆ ಕಾಣುತ್ತವೆ. ನನಗೆ ನಿಜವಾದ ಚಿಂತೆಯಿರುವುದು ಕಾಣದೆ ಉಳಿಯುವ ತೊಂದರೆಯ ಬಗ್ಗೆ, ಅಂದರೆ ಬಣ್ಣದ ಬಗ್ಗೆ. ಪರದೆಯ ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಇಟ್ಟು ನೀವು ಮಾನಿಟರ್‌ಗೆ ಮಾಡಿಟ್ಟ ಪ್ರೊಫೈಲ್‌ನ ಒಂದು ಭಾಗ, ಪ್ರತಿ ಸಲ ಕಂಪ್ಯೂಟರ್ ಶುರುವಾದಾಗ ಗ್ರಾಫಿಕ್ಸ್ ಕಾರ್ಡಿಗೆ ಹೋಗಿ ಕೂರುವ ತಿದ್ದುಪಡಿಯ ಪಟ್ಟಿ. ಕಾರ್ಡ್ ಬದಲಾದಾಗ ವಿಂಡೋಸ್ ಅದೇ ಮಾನಿಟರನ್ನು ಹೊಸದೆಂದು ಭಾವಿಸಿ ಆ ಪ್ರೊಫೈಲನ್ನು ಕೈಬಿಡಬಹುದು. ಆಗ ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ಯಾವ ತಂತ್ರಾಂಶವೂ ನಿಲ್ಲುವುದಿಲ್ಲ.

ಇನ್ನೂ ಕೆಟ್ಟದ್ದು ಎಚ್‌ಡಿಎಂಐ ಕೇಬಲ್‌ನಿಂದ ಆಗುವುದು. ಕೆಲವೊಮ್ಮೆ ಹೊಸ ಕಾರ್ಡ್ ಎಚ್‌ಡಿಎಂಐಯಲ್ಲಿರುವ ಮಾನಿಟರನ್ನು ಟಿವಿ ಎಂದು ತಿಳಿದು 0ಯಿಂದ 255ರವರೆಗಿನ ಪೂರ್ಣ ವ್ಯಾಪ್ತಿಯ ಬದಲು 16ರಿಂದ 235ರವರೆಗಿನ ಸೀಮಿತ ವ್ಯಾಪ್ತಿಯ ಸಂಕೇತ ಕಳಿಸುತ್ತದೆ. ಅದನ್ನು ಪೂರ್ಣ ವ್ಯಾಪ್ತಿಯೆಂದೇ ತೋರಿಸುವ ಮಾನಿಟರ್‌ನಲ್ಲಿ ಕಪ್ಪು ಬೂದು ಬಣ್ಣವಾಗಿ ಕಾಣುತ್ತದೆ, ಇಡೀ ಚಿತ್ರ ಪೇಲವವಾಗುತ್ತದೆ. ಸಂಪಾದಕರು ಚಿತ್ರವೇ ಹಾಗಿದೆಯೆಂದುಕೊಂಡು ಕಾಂಟ್ರಾಸ್ಟ್ ಏರಿಸುತ್ತಾರೆ, ಕಪ್ಪನ್ನು ಇನ್ನೂ ಗಾಢಗೊಳಿಸುತ್ತಾರೆ, ತಮ್ಮ ಪರದೆಯ ಮೇಲೆ ಸರಿ ಕಾಣುವವರೆಗೂ ಒತ್ತುತ್ತಾರೆ. ಆಲ್ಬಂ ಮುದ್ರಣವಾಗಿ ಬಂದಾಗ ಮದುಮಗನ ಕಪ್ಪು ಕೋಟಿನ ಮಡಿಕೆ ಒಂದೂ ಕಾಣದೆ ಮಸಿ ಬಳಿದಂತಿರುತ್ತದೆ. ಮದುಮಗಳ ಜಡೆಗೂ ಹಿಂದಿನ ಪರದೆಗೂ ನಡುವೆ ಗೆರೆಯೇ ಇರುವುದಿಲ್ಲ. ಕಡುಗೆಂಪು ರೇಷ್ಮೆ ಸೀರೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬೈಗುಳ ತಿನ್ನುವವರು ಮುದ್ರಣದವರು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ‘ಚೇಂಜ್ ರೆಸಲ್ಯೂಶನ್’ ಪುಟದ ಕೆಳಭಾಗದಲ್ಲಿ ‘ಔಟ್‌ಪುಟ್ ಡೈನಾಮಿಕ್ ರೇಂಜ್’ ಎಂಬುದನ್ನು ಫುಲ್ ಮಾಡಿದರೆ ಇದು ತಪ್ಪುತ್ತದೆ. ಎಎಮ್‌ಡಿಯಲ್ಲಿ ‘ಪಿಕ್ಸೆಲ್ ಫಾರ್ಮ್ಯಾಟ್’ ಎಂಬಲ್ಲಿ ಆರ್‌ಜಿಬಿ ಫುಲ್ ಆಯ್ಕೆ ಮಾಡಬೇಕು. ಡಿಸ್‌ಪ್ಲೇಪೋರ್ಟ್ ಕೇಬಲ್ ಇದ್ದರೆ ಅದನ್ನೇ ಬಳಸಿ. ಈ ವ್ಯಾಪ್ತಿಯನ್ನು ಸರಿಪಡಿಸಿದ ನಂತರವೇ ಕ್ಯಾಲಿಬ್ರೇಶನ್ ಮತ್ತೆ ಮಾಡಿ, ಏಕೆಂದರೆ ಮೊದಲೇ ಮಾಡಿದರೆ ತಪ್ಪು ಸಂಕೇತಕ್ಕೇ ಪ್ರೊಫೈಲ್ ಹೊಂದಿಸಿದಂತಾಗುತ್ತದೆ.

ಆದ್ದರಿಂದಲೇ ಕಂಪ್ಯೂಟರ್ ಜೋಡಿಸಿಕೊಡುವವರಲ್ಲಿ ನನ್ನದೊಂದು ಗಟ್ಟಿ ಬೇಡಿಕೆಯಿದೆ. ಕಾರ್ಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡಿರಲಿ, ಆನ್‌ಲೈನ್‌ನಲ್ಲಿ ತರಿಸಿರಲಿ, ವಿಂಡೋಸ್ ಪರದೆ ಹೊತ್ತಿಕೊಂಡ ಕೂಡಲೇ ಕೆಲಸ ಮುಗಿಯಿತೆಂದು ಸ್ಕ್ರೂ ಬಿಗಿದು ಹೊರಡುವ ಪದ್ಧತಿ ನಿಲ್ಲಬೇಕು. ಗ್ರಾಹಕರದೇ ಒಂದು ಫೋಲ್ಡರ್ ರಾ ಚಿತ್ರಗಳನ್ನು (ಕ್ಯಾಮೆರಾದಿಂದ ಬಂದ ಸಂಸ್ಕರಿಸದ ಮೂಲ ಫೈಲುಗಳನ್ನು) ತೆರೆದು, ಅವರೆದುರಿಗೇ ಡಿನಾಯ್ಸ್ ಮಾಡಿ, ಎಕ್ಸ್‌ಪೋರ್ಟ್ ಪೂರ್ತಿ ಮುಗಿಯುವವರೆಗೆ ಕಾದು ನೋಡಬೇಕು. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಆ ಅರ್ಧ ಗಂಟೆಯ ಕೂಲಿಯನ್ನು ಕೇಳಿ ಪಡೆಯಲಿ, ಕೊಡಲು ನಾವೂ ಹಿಂಜರಿಯಬಾರದು. ಛಾಯಾಗ್ರಾಹಕರು ತಮ್ಮ ಪಾಲಿಗೆ, ಹಿಂದೆ ಸರಿಯಾಗಿ ಮುದ್ರಣವಾದ ಒಂದು ಆಲ್ಬಮ್ಮಿನ ಹಾಳೆಯನ್ನು ಪರದೆಯ ಪಕ್ಕದಲ್ಲಿ ಹಿಡಿದು ಅದೇ ಫೈಲಿನೊಡನೆ ಹೋಲಿಸಬೇಕು, ಮತ್ತು ಹೊಸ ಕಾರ್ಡಿನಲ್ಲಿ ತಿದ್ದಿದ ಮೊದಲ ಆಲ್ಬಂ ಪ್ರೆಸ್‌ನಿಂದ ಸರಿಯಾಗಿ ಬರುವ ತನಕ ಹಳೆಯ ಕಾರ್ಡನ್ನು ಯಾರಿಗೂ ಮಾರಬಾರದು.