ನಡುರಾತ್ರಿಗೊಂದು ಕಾಲೇಜು ರೇಡಿಯೋ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಸರಗೋಡಿನಲ್ಲಿ ಕೂತು ರೇಡಿಯೋದ ಮುಳ್ಳು ತಿರುಗಿಸಿ. 100.3ರಲ್ಲಿ ಮಂಗಳೂರು ಆಕಾಶವಾಣಿ ಸಿಗುತ್ತದೆ. ಕನ್ನಡ, ತುಳು, ಕೊಂಕಣಿ. ಒಂಚೂರು ಮುಂದೆ ಹೋದರೆ 101.5ರಲ್ಲಿ ಕಣ್ಣೂರಿನ ಮಲಯಾಳ. ಎರಡೂ ಪಕ್ಕದೂರಿನವು, ಎರಡನ್ನೂ ನಾವು ನಮ್ಮದೇ ಅಂತ ಕೇಳಿ ಬೆಳೆದವರು. ಇವುಗಳ ಜೊತೆಗೆ ನಮ್ಮ ಕಾಲೇಜು ಹುಡುಗ ಹುಡುಗಿಯರೇ ನಡೆಸುವ ಒಂದು ರಾತ್ರಿ ಕಾರ್ಯಕ್ರಮ ಬೇಕು ಅನ್ನುವುದು ನನ್ನ ಆಸೆ. ಹಾಡು ಯಾವುದೇ ಇರಲಿ, ಭಾಷೆ ಯಾವುದೇ ಇರಲಿ. ವಾರಕ್ಕೊಂದು ಇಂಡಿ ಬ್ಯಾಂಡ್ ಅತಿಥಿಯಾಗಿ ಬರಲಿ.

ಇಂಡಿ ಅಂದರೆ ಸಿನಿಮಾದ, ಕಂಪನಿಯ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವವರು.

ಅಮೆರಿಕದಲ್ಲಿ ಇದು ಹಳೇ ರೂಢಿ. ಅಲ್ಲಿನ ಕಾಲೇಜು ರೇಡಿಯೋಗಳಲ್ಲಿ ನಡುರಾತ್ರಿಯ ಪಾಳಿ ಸಾಮಾನ್ಯವಾಗಿ ಹೊಸಬರ ಪಾಲಿಗೆ ಬರುತ್ತದೆ. ಕೇಳುವವರು ಕಡಿಮೆ, ತಡೆಯುವವರೂ ಕಡಿಮೆ. ಜಾಸ್ ಮುಗಿದ ಕೂಡಲೇ ಪಂಕ್ ಹಾಕಬಹುದು, ಅದರ ಬೆನ್ನಿಗೆ ಹಳ್ಳಿ ಹಾಡು. ಜಾರ್ಜಿಯಾದ ಅಥೆನ್ಸ್ ಎಂಬ ಕಾಲೇಜು ಊರಿನಲ್ಲಿ 1980ರಲ್ಲಿ ಹುಟ್ಟಿದ ಆರ್‌ಇಎಂ ಎಂಬ ರಾಕ್ ತಂಡವನ್ನು ಮೊದಮೊದಲು ಎತ್ತಿ ಹಿಡಿದದ್ದು ಇಂಥ ರೇಡಿಯೋಗಳೇ. ನ್ಯೂಜೆರ್ಸಿಯ ಅಪ್ಸಾಲಾ ಕಾಲೇಜಿನಲ್ಲಿ 1958ರಲ್ಲಿ ಡಬ್ಲ್ಯೂಎಫ್ಎಂಯು ಎಂಬ ರೇಡಿಯೋ ಶುರುವಾಯಿತು. 1995ರಲ್ಲಿ ಕಾಲೇಜೇ ಮುಚ್ಚಿತು. ರೇಡಿಯೋ ಮುಚ್ಚಲಿಲ್ಲ! ಕೇಳುಗರ ದುಡ್ಡಿನಲ್ಲಿ ಇವತ್ತೂ ನಡೆಯುತ್ತಿದೆ.

ಅದೇ 1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಗಾಳಿಯ ತರಂಗಗಳು ಜನರ ಸೊತ್ತು ಎಂದಿತು. 2004ರಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದಲ್ಲಿ ದೇಶದ ಮೊದಲ ಕ್ಯಾಂಪಸ್ ಸಮುದಾಯ ರೇಡಿಯೋ ಬಂತು. ದೂರ ಯಾಕೆ, ಮಂಗಳೂರಿನ ಅಲೋಶಿಯಸ್ ಕಾಲೇಜಿನ (ಈಗ ಡೀಮ್ಡ್ ವಿಶ್ವವಿದ್ಯಾಲಯ) ರೇಡಿಯೋ ಸಾರಂಗ್ 107.8ರಲ್ಲಿದೆ. ಇಂಥ ಕೇಂದ್ರಕ್ಕೆ 100 ವ್ಯಾಟ್ ಶಕ್ತಿ. ಕಾಸರಗೋಡಿನ ವಿದ್ಯಾನಗರದಿಂದ ಹೊರಟರೆ ಕುಂಬಳೆ ಮುಟ್ಟೀತು, ಮಂಜೇಶ್ವರ ಮುಟ್ಟದು. ಪರವಾಗಿಲ್ಲ, ಉಳಿದವರಿಗೆ ಮೊಬೈಲ್ ಇದೆಯಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಕಡೆಯ ಒಂದು ಮನೆಯ ಶೆಡ್ಡಿನಲ್ಲಿ ಒಂದು ಇಂಡಿ ತಂಡದ ಅಭ್ಯಾಸ ಕೇಳಿದೆ. ಪಲ್ಲವಿ ಕನ್ನಡ. ಮೊದಲ ಚರಣ ಮಲಯಾಳ. ಎರಡನೆಯದು ಬ್ಯಾರಿ ಭಾಷೆಯಲ್ಲಿ, ಬರೆದವಳ ಮನೆಮಾತು ಅದು. ಡ್ರಮ್ ಕೊಳ್ಳಲು ಕಾಸಿಲ್ಲ, ಆ ಜಾಗದಲ್ಲಿ ಚೆಂಡೆ. ಚೆಂಡೆಯ ಹುಡುಗ ಯಕ್ಷಗಾನ ಮೇಳದ ಕೈಯವನು, ಎಲ್ಲಿ ಜೋರು ಮಾಡಬೇಕು, ಎಲ್ಲಿ ಬಿಟ್ಟುಕೊಡಬೇಕು ಅಂತ ಅವನಿಗೆ ಹೇಳಿಕೊಡಬೇಕಾಗಿಲ್ಲ. ಗಿಟಾರಿನವಳು ಅವನ ಕೈಯನ್ನೇ ನೋಡುತ್ತಾ ನುಡಿಸುತ್ತಿದ್ದಳು. ಶೀಟಿನ ಮೇಲೆ ಮಳೆ ಹೊಡೆಯುತ್ತಿದ್ದರೂ ಹಾಡು ಎಲ್ಲೂ ತಪ್ಪಲಿಲ್ಲ. ಕೇಳಿ ನನಗೆ ಹೆಮ್ಮೆ ಅನ್ನಿಸಿತು, ಜೊತೆಗೆ ಸಂಕಟವೂ ಆಯಿತು. ಕನ್ನಡಕ್ಕೆ ಒಂದು ಹೊತ್ತು, ಮಲಯಾಳಕ್ಕೆ ಒಂದು ಹೊತ್ತು ಅಂತ ಹಂಚಿಟ್ಟ ಕಡೆ ಈ ಹಾಡನ್ನು ಯಾವ ಹೊತ್ತಿಗೆ ಹಾಕುವುದು? ಸಂತೆಯಲ್ಲಿ, ಬಸ್ಸಿನಲ್ಲಿ ನಾವು ದಿನಾ ಮಾತಾಡುವುದು ಹೀಗೇ ಅಲ್ವಾ? ನಮ್ಮ ನಾಲಿಗೆಯ ಹಾಡಿಗೇ ಜಾಗ ಇಲ್ಲ ಅಂದರೆ ಹೇಗೆ?

ಸ್ಟುಡಿಯೋ ಸಣ್ಣದಿದ್ದರೂ ಸಾಕು. ಗೋಡೆಗೆ ದಪ್ಪ ಕಂಬಳಿ ಹೊದಿಸಿ. ಚೆಂಡೆಯನ್ನು ಮಾತ್ರ ಒಳಗೆ ಕೂರಿಸಬೇಡಿ, ಹಾಡಿನ ಮೈಕಿಗೆಲ್ಲ ಅದೇ ತುಂಬಿಕೊಳ್ಳುತ್ತದೆ. ವರಾಂಡದಲ್ಲಿ ಕೂರಿಸಿ, ಬಾಗಿಲು ಅರ್ಧ ತೆರೆದಿಡಿ, ಹಾಡುವವಳ ಮುಖ ಅವನಿಗೆ ಕಾಣುವ ಹಾಗೆ. ಬಿಬಿಸಿ ರೇಡಿಯೋದಲ್ಲಿ ಹಾಡು ಹಾಕುತ್ತಿದ್ದ ಜಾನ್ ಪೀಲ್ 1967ರಿಂದ 2004ರಲ್ಲಿ ತೀರಿಕೊಳ್ಳುವ ತನಕ ಇಂಥ ಕೆಲಸ ಮಾಡಿದವರು. ಅವರ ಕಾರ್ಯಕ್ರಮಕ್ಕೆ ತಂಡಗಳು ಬಂದು ಒಂದೇ ದಿನದಲ್ಲಿ ಹೆಚ್ಚಾಗಿ ನಾಲ್ಕು ಹಾಡು ಮುಗಿಸುತ್ತಿದ್ದವು. ಹಾಗೆ 4,000ಕ್ಕೂ ಹೆಚ್ಚು ಸೆಷನ್ ಆದವು. ತಿದ್ದಿ ತೀಡಲು ಪುರುಸೊತ್ತಿಲ್ಲದ್ದರಿಂದಲೇ ಆ ಹಾಡುಗಳಿಗೆ ಜೀವ ಇದೆ ಅಂತ ನನಗನ್ನಿಸುತ್ತದೆ.

ಅಷ್ಟು ಹೊತ್ತಿಗೆ ಯಾರು ಕೇಳುತ್ತಾರೆ ಅನ್ನಬೇಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಇದೆ, ಬೆಳಗಿನ ತನಕ ಆಟ ನೋಡಿ ಬೆಳೆದ ಜನ ನಾವು. ಹಾಸ್ಟೆಲಿನವರು ಎಚ್ಚರ ಇರುತ್ತಾರೆ, ರಾತ್ರಿ ಡ್ಯೂಟಿಯ ನರ್ಸುಗಳೂ ಇರುತ್ತಾರೆ. ಇಲ್ಲಿ ಹನ್ನೊಂದು ಗಂಟೆ ಅಂದರೆ ದುಬೈಯಲ್ಲಿ ಒಂಬತ್ತೂವರೆ. ನಮ್ಮ ಮನೆಮನೆಯವರು ಕೆಲಸ ಮುಗಿಸಿ, ಊಟ ಮಾಡಿ ಫೋನ್ ಹಿಡಿಯುವ ಹೊತ್ತು ಅದು.

ನನಗೆ ಮೈಕ್ ಕೊಟ್ಟರೆ ಮೊದಲ ರಾತ್ರಿ ಕರೆಯುವುದು ಆ ಶೆಡ್ಡಿನ ತಂಡವನ್ನೇ. ಪ್ರಶಸ್ತಿ, ಕನಸು, ಸ್ಫೂರ್ತಿ ಅಂತ ಕೇಳುವುದಿಲ್ಲ. ಆ ಬ್ಯಾರಿ ಸಾಲು ಮೊದಲು ಕೇಳಿದಾಗ ನಿಮ್ಮ ಅಜ್ಜಿ ಏನಂದರು ಅಂತ ಕೇಳುತ್ತೇನೆ. ಆಮೇಲೆ ಚೆಂಡೆಯವನಿಗೆ ಕೈ ಮಾಡುತ್ತೇನೆ.