ಹಿಮ್ಮಡಿಯ ಒಂದು ಹನಿ ರಕ್ತ

ಕೇಳುಗರಿಗೆ ನಮಸ್ಕಾರ. ಥೈರಾಯ್ಡ್ ಕಾಯಿಲೆಯನ್ನು ರಕ್ತಪರೀಕ್ಷೆಯಿಂದ ಪತ್ತೆಮಾಡುವ ಬಗೆಯನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ದೊಡ್ಡವರ ಥೈರಾಯ್ಡ್ ವಿಚಾರ ಈಗ ಮನೆಮನೆಯ ಮಾತಾಗಿದೆ. ಮಕ್ಕಳ ವೈದ್ಯೆಯಾದ ನಾನು ಹುಟ್ಟಿ ಮೂರು ದಿನವಾದ ಕೂಸಿನ ಥೈರಾಯ್ಡ್ ವಿಚಾರ ಹೇಳುತ್ತೇನೆ. ಮನೆಯಲ್ಲಿ ಗರ್ಭಿಣಿ ಇದ್ದರೆ ಆಕೆಯೂ, ಆಕೆಯ ತಾಯಿಯೂ ಅತ್ತೆಯೂ ದಯವಿಟ್ಟು ರೇಡಿಯೋ ಹತ್ತಿರ ಬಂದು ಕುಳಿತುಕೊಳ್ಳಿ. ನನ್ನ ಮಾತು ಒಂದೇ: ಹೆರಿಗೆಯಾದ ಮೇಲೆ, ಆಸ್ಪತ್ರೆಯಿಂದ ಹೊರಡುವ ಮುನ್ನ, ಮಗುವಿನ ಹಿಮ್ಮಡಿಯ ರಕ್ತವನ್ನು ಪರೀಕ್ಷೆ ಮಾಡಿಸಿ.

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಥೈರಾಕ್ಸಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಮೊದಲ ಎರಡು ಮೂರು ವರ್ಷ ಮಗುವಿನ ಮಿದುಳು ಬೆಳೆಯಲು ಇದು ಬೇಕೇ ಬೇಕು. ನಮ್ಮ ದೇಶದಲ್ಲಿ ಹುಟ್ಟುವ ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಇದು ಸಾಕಷ್ಟು ಒದಗುವುದಿಲ್ಲ. ಆಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು, ಕರೆದರೂ ಓಗೊಡದವರನ್ನು ದನಿ ಏರಿಸಿ ಕರೆಯುವ ಹಾಗೆ, ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಕಳುಹಿಸತೊಡಗುತ್ತದೆ. ರಕ್ತದಲ್ಲಿ ನಾವು ಅಳೆಯುವುದು ಆ ಏರಿದ ದನಿಯನ್ನೇ.

ಹಲವು ವರ್ಷಗಳ ಹಿಂದೆ ತುಮಕೂರು ಕಡೆಯ ಒಬ್ಬ ಅಜ್ಜಿ, ಹತ್ತು ತಿಂಗಳ ಮೊಮ್ಮಗಳನ್ನು ನೆಗಡಿಯೆಂದು ನನ್ನಲ್ಲಿಗೆ ಎತ್ತಿಕೊಂಡು ಬಂದರು. "ನಮ್ಮ ಕೂಸು ಬಲು ಸಾಧು ಡಾಕ್ಟ್ರಮ್ಮ, ಅಳೋದೇ ಇಲ್ಲ, ಹಾಲಿಗೂ ನಾವೇ ಎಬ್ಬಿಸ್ಬೇಕು" ಎಂದು ಹೆಮ್ಮೆಯಿಂದ ಹೇಳಿದರು. ನಾನು ಮಗುವಿನ ಅಂಗೈ ಹಿಡಿದೆ, ತಣ್ಣಗಿತ್ತು. ಚರ್ಮ ಒರಟಾಗಿತ್ತು, ನಾಲಿಗೆ ತುಟಿಯಿಂದಾಚೆ ಚಾಚಿಕೊಂಡಿತ್ತು, ಹೊಕ್ಕುಳು ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬಿತ್ತು. ಆಸರೆಯಿಲ್ಲದೆ ಕೂರಲು ಅದಕ್ಕೆ ಬರುತ್ತಿರಲಿಲ್ಲ. ಕೇಳುತ್ತಾ ಹೋದಂತೆ ಒಂದೊಂದೇ ತಿಳಿಯಿತು: ಹುಟ್ಟಿದಾಗಿನ ಕಾಮಾಲೆ ತಿಂಗಳಾದರೂ ಇಳಿದಿರಲಿಲ್ಲ, ಬೆಳಗಿನ ಬಿಸಿಲಿಗೆ ಹಿಡಿದಿದ್ದರು, ನಾಲ್ಕೈದು ದಿನಕ್ಕೊಮ್ಮೆ ಮಲವಿಸರ್ಜನೆ, ಅದಕ್ಕೆ ಹರಳೆಣ್ಣೆ ಹಾಕಿದ್ದರು. ಯಾರೂ ಅಸಡ್ಡೆ ಮಾಡಿರಲಿಲ್ಲ. ಟಿಎಸ್‌ಎಚ್ ನೋಡಿದರೆ ವಿಪರೀತ ಏರಿ ನೂರನ್ನು ದಾಟಿತ್ತು. ಥೈರಾಕ್ಸಿನ್ ಮಾತ್ರೆ ಆರಂಭಿಸಿದೆವು. ಎರಡು ತಿಂಗಳಲ್ಲಿ ಮಗು ನಕ್ಕಿತು, ಹಟ ಮಾಡಿ ಅತ್ತಿತು, ಮುಂದೆ ಎತ್ತರವೂ ಬೆಳೆಯಿತು. ಆದರೆ ಆ ಹತ್ತು ತಿಂಗಳಲ್ಲಿ ಮಿದುಳಿಗೆ ಆದ ನಷ್ಟವನ್ನು ಯಾವ ಮಾತ್ರೆಯಿಂದಲೂ ತುಂಬಿಕೊಡಲು ಆಗಲಿಲ್ಲ. ಇಂದಿಗೂ ಆ ಹುಡುಗಿಗೆ ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಕೊಡುವುದು ಕಷ್ಟ.

ಮೂರು ವರ್ಷದ ಬಳಿಕ ಅದೇ ಮನೆಯಲ್ಲಿ ಗಂಡುಮಗು ಹುಟ್ಟಿತು. ನೋಡಲು ದುಂಡುದುಂಡಾಗಿ ಚೆನ್ನಾಗಿಯೇ ಇತ್ತು. ತಾಯಿಯ ಥೈರಾಕ್ಸಿನ್ ಬಸಿರಲ್ಲಿರುವಾಗ ಸ್ವಲ್ಪಮಟ್ಟಿಗೆ ಮಗುವಿಗೂ ದೊರೆಯುವುದರಿಂದ ಇಂತಹ ಹೆಚ್ಚಿನ ಮಕ್ಕಳು ಹುಟ್ಟಿದಾಗ ಹಾಗೆಯೇ ಕಾಣುತ್ತವೆ. ಮೂರನೆಯ ದಿನ ಆ ಅಜ್ಜಿಯೇ ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಪಾದವನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡು ಕುಳಿತರು. ದಾದಿ ಹಿಮ್ಮಡಿಯ ಪಕ್ಕಕ್ಕೆ ಸಣ್ಣ ಸೂಜಿ ತಾಗಿಸಿ, ಮೊದಲ ಹನಿಯನ್ನು ಒರೆಸಿ, ಮುಂದಿನ ಹನಿಗಳನ್ನು ಸೋಸುಕಾಗದದ ಮೇಲಿನ ವೃತ್ತಗಳಿಗೆ ಮುಟ್ಟಿಸಿದರು. ಕಾಗದ ನೆರಳಿನಲ್ಲಿ ಒಣಗಿ ಪ್ರಯೋಗಾಲಯಕ್ಕೆ ಹೋಯಿತು. ಅವನಿಗೂ ಅದೇ ತೊಂದರೆ ಇತ್ತು. ಕೆಲವು ಮನೆತನಗಳಲ್ಲಿ ಹೀಗೆ ಮರುಕಳಿಸುವುದುಂಟು. ಹತ್ತನೆಯ ದಿನದಿಂದಲೇ ಥೈರಾಕ್ಸಿನ್ ಮಾತ್ರೆಯನ್ನು ಪುಡಿಮಾಡಿ, ತಾಯಿಹಾಲಿನಲ್ಲಿ ಕಲಸಿ, ಒಳಲೆಯಲ್ಲಿ ಕುಡಿಸಿದರು. ಆ ಹುಡುಗ ಈಗ ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಹೋಗುತ್ತಾನೆ, ಅಕ್ಕನಿಗೆ ಲೆಕ್ಕ ಹೇಳಿಕೊಡುತ್ತಾನೆ.

ಒಣಗಿದ ರಕ್ತದ ಹನಿಯಿಂದ ಶಿಶುಗಳ ಥೈರಾಯ್ಡ್ ಕೊರತೆಯನ್ನು ಕಂಡುಹಿಡಿಯಬಹುದೆಂದು ಕೆನಡಾದ ಕ್ಯುಬೆಕ್ ಪ್ರಾಂತ್ಯದ ವೈದ್ಯ ಜಾನ್ ದುಸ್ಸೋ 1970ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟರು. ಅರ್ಧ ಶತಮಾನ ಕಳೆದಿದೆ. ಹಲವು ದೇಶಗಳಲ್ಲಿ ಈ ಪರೀಕ್ಷೆಯಿಲ್ಲದೆ ಮಗುವನ್ನು ಮನೆಗೆ ಕಳುಹಿಸುವುದಿಲ್ಲ. ನಮ್ಮಲ್ಲಿ ಎಲ್ಲ ಆಸ್ಪತ್ರೆಗಳಲ್ಲಿ ಇದು ತಾನಾಗಿ ನಡೆಯುವುದಿಲ್ಲ, ನೀವೇ ಕೇಳಬೇಕು. ನಾಮಕರಣಕ್ಕೆ ದಿನ ನೋಡಿಸುವಷ್ಟೇ ಆಸ್ಥೆಯಿಂದ ಇದನ್ನೂ ಕೇಳಿ ಎಂದು ನಾನು ತುಸು ಒತ್ತಾಯದಿಂದಲೇ ಹೇಳುತ್ತಿದ್ದೇನೆ.

ನನಗೆ ಉಳಿದಿರುವ ಸಮಯ ಕಡಿಮೆ. ಹುಟ್ಟಿದ ಮೊದಲ ದಿನ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ಸಹಜವಾಗಿಯೇ ಏರಿರುತ್ತದೆ, ಆದ್ದರಿಂದ 48 ಗಂಟೆ ಕಳೆದ ಮೇಲೆ ಹಿಮ್ಮಡಿಯ ರಕ್ತ ಕೊಡಿ. ಅದಕ್ಕೂ ಮೊದಲೇ ಮನೆಗೆ ಹೋಗುವುದಾದರೆ, ಹೆರಿಗೆಯ ಹೊತ್ತಿನಲ್ಲಿ ಹೊಕ್ಕುಳಬಳ್ಳಿಯ ರಕ್ತ ತೆಗೆದಿಡಲು ಮೊದಲೇ ತಿಳಿಸಿರಿ. ಗರ್ಭಿಣಿಯರು ತಮ್ಮ ಟಿಎಸ್‌ಎಚ್ ಪರೀಕ್ಷೆಯನ್ನು ಮೊದಲ ಮೂರು ತಿಂಗಳಲ್ಲೇ ಮಾಡಿಸಿಕೊಳ್ಳಿ. ಮಗುವಿನ ವರದಿಯಲ್ಲಿ ಏರಿಕೆ ಕಂಡರೆ ಹೆದರಬೇಡಿ. ಕೈಯ ರಕ್ತನಾಳದಿಂದ ರಕ್ತ ತೆಗೆದು ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಹದಿನಾಲ್ಕು ದಿನದೊಳಗೆ ಮಾತ್ರೆ ಶುರುವಾಗಬೇಕು, ಅದರ ದಿನದ ಖರ್ಚು ಒಂದು ಲೋಟ ಚಹಾದಷ್ಟೂ ಆಗುವುದಿಲ್ಲ.

ಬಾಣಂತನಕ್ಕೆ ತವರಿಗೆ ಹೋಗುವವರು ಆಸ್ಪತ್ರೆಯಲ್ಲಿ ಗಂಡನ ಮನೆಯ ಫೋನ್ ನಂಬರ್ ಒಂದನ್ನೇ ಬರೆಸಿ ಬಂದುಬಿಡುತ್ತಾರೆ. ತವರುಮನೆಯ ನಂಬರನ್ನೂ ಬರೆಸಿ, ವಾರದೊಳಗೆ ಕರೆ ಬಾರದಿದ್ದರೆ ನೀವೇ ಫೋನ್ ಮಾಡಿ ವರದಿ ಕೇಳಿ. ನಮಸ್ಕಾರ.