ಒಂದು ತುತ್ತು ನುಂಗಿದ ಮೇಲೆ: ಹೊಟ್ಟೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ

[ಪರದೆಯ ಮೇಲೆ ದೊಡ್ಡದಾಗಿ: 9 ಲೀಟರ್]

ನಮಸ್ಕಾರ. ಈ ಸಂಖ್ಯೆ ನೋಡಿ. ನಮ್ಮ ಸಣ್ಣ ಕರುಳಿಗೆ ಒಂದು ದಿನಕ್ಕೆ ಬಂದು ಸೇರುವ ದ್ರವ ಹೆಚ್ಚುಕಡಿಮೆ ಇಷ್ಟು. ಇದರಲ್ಲಿ ನಾವು ತಿಂದು ಕುಡಿದು ಒಳಗೆ ಹಾಕುವುದು 2 ಲೀಟರಿನ ಆಸುಪಾಸು. ಮಿಕ್ಕ 7 ಲೀಟರನ್ನು ದೇಹವೇ ಸುರಿಯುತ್ತದೆ. ಜೊಲ್ಲು, ಜಠರದ ರಸ, ಪಿತ್ತರಸ, ಮೇದೋಜೀರಕದ ರಸ, ಕರುಳಿನದೇ ರಸ. ಇಷ್ಟೆಲ್ಲ ಆಗಿ ಕೊನೆಗೆ ಮಲದ ಜೊತೆ ಹೊರಗೆ ಹೋಗುವ ನೀರು ಎಷ್ಟು ಗೊತ್ತಾ? 100ರಿಂದ 200 ಮಿಲಿಲೀಟರ್. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ.

ಈ ಲೆಕ್ಕ ನೆನಪಿಟ್ಟುಕೊಳ್ಳಿ. ಭೇದಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಹೊಟ್ಟೆಯಲ್ಲಿ ಏನೇ ಆದರೂ ಗ್ಯಾಸ್ ಅಂದು ಸುಮ್ಮನಾಗುವುದು ನಮಗೆಲ್ಲ ರೂಢಿ. ಆದರೆ ಬಾಯಿಂದ ಗುದದವರೆಗಿನ ಈ ಕೊಳವೆಯಲ್ಲಿ ಒಂದೊಂದು ಭಾಗದ ಕೆಲಸ ಒಂದೊಂದು, ಕೆಡುವ ರೀತಿಯೂ ಬೇರೆ ಬೇರೆ. ತೊಂದರೆ ಎಲ್ಲಿದೆ, ಯಾವ ಹೊತ್ತಿಗೆ ಬರುತ್ತದೆ ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ಹಾಗಾಗಿ ಇವತ್ತು ಅಂಗಗಳ ಪಾಠ ಮೊದಲು, ಕಾಯಿಲೆಗಳ ಪಟ್ಟಿ ಆಮೇಲೆ ಅಂತ ಮಾಡುವುದಿಲ್ಲ. ಒಂದು ತುತ್ತಿನ ಹಿಂದೆಯೇ ಹೋಗೋಣ. ಎಲ್ಲಿ ಕೆಡುತ್ತದೋ ಅಲ್ಲಿ ನಿಲ್ಲೋಣ.

[ಅನಿಮೇಷನ್: ಬಾಯಿ, ಗಂಟಲು, ಅನ್ನನಾಳ]

ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ. ಹಲ್ಲು ಅರೆಯುತ್ತದೆ, ಜೊಲ್ಲು ನೆನೆಸುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆಯಲು ಶುರು ಮಾಡುತ್ತದೆ. ನುಂಗುವಾಗ ಉಸಿರುನಾಳದ ಮೇಲೆ ಒಂದು ಪುಟ್ಟ ಮುಚ್ಚಳ ಬಾಗಿಕೊಳ್ಳುತ್ತದೆ. ಮಾತಾಡುತ್ತಾ ಅವಸರದಲ್ಲಿ ನುಂಗಿದಾಗ ಈ ಹೊಂದಾಣಿಕೆ ತಪ್ಪುತ್ತದೆ. ಊಟ ನೆತ್ತಿಗೆ ಹತ್ತುವುದು ಆಗಲೇ.

ಅಲ್ಲಿಂದ ಅನ್ನನಾಳ, ಸುಮಾರು 25 ಸೆಂಟಿಮೀಟರ್ ಉದ್ದ. ತುತ್ತು ಇಲ್ಲಿ ಸುಮ್ನೆ ಕೆಳಗೆ ಬೀಳುವುದಿಲ್ಲ. ಟೂತ್‌ಪೇಸ್ಟ್ ಟ್ಯೂಬನ್ನು ಹಿಂದಿನಿಂದ ಹಿಂಡಿದ ಹಾಗೆ ನಾಳದ ಸ್ನಾಯುಗಳು ಅದನ್ನು ಮುಂದೆ ತಳ್ಳುತ್ತವೆ. ಅದಕ್ಕೇ ತಲೆಕೆಳಗಾಗಿ ನಿಂತರೂ ನುಂಗಲು ಆಗುತ್ತದೆ. ಪರೀಕ್ಷೆ ಮಾಡಿ ನೋಡಬೇಡಿ, ನನ್ನ ಮಾತು ನಂಬಿ.

ನಾಳದ ಕೊನೆಯಲ್ಲಿ ಸ್ನಾಯುವಿನ ಒಂದು ಉಂಗುರ ಇದೆ. ತುತ್ತು ಬಂದಾಗ ತೆರೆದು, ಆಮೇಲೆ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಇದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾದರೆ ಜಠರದ ಆಮ್ಲ ಮೇಲಕ್ಕೆ ಬರುತ್ತದೆ. ಜಠರಕ್ಕೆ ಆಮ್ಲ ತಡೆಯುವ ದಪ್ಪ ಲೋಳೆಯ ಹೊದಿಕೆ ಇದೆ, ಅನ್ನನಾಳಕ್ಕೆ ಹಾಗಿಲ್ಲ. ಎದೆಯುರಿ, ಹುಳಿತೇಗು ಇದರಿಂದಲೇ.

ಅಂದರೆ ಎದೆಯುರಿ ಇದೆ ಅಂದರೆ ಆಮ್ಲ ಜಾಸ್ತಿ ಆಗಿದೆ ಅಂತಲೇ ಅಲ್ಲ. ಬಹಳಷ್ಟು ಸಲ ಆಮ್ಲ ಇರಬೇಕಾದಷ್ಟೇ ಇರುತ್ತದೆ, ಇರಬಾರದ ಜಾಗಕ್ಕೆ ಬಂದಿರುತ್ತದೆ. ಇದು ಅರ್ಥವಾದರೆ ವೈದ್ಯರು ಹೇಳುವ ಸಲಹೆಗಳು ಯಾಕೆ ಅಂತ ತಾನಾಗಿ ತಿಳಿಯುತ್ತದೆ. ಊಟವಾಗಿ ಎರಡು ಮೂರು ಗಂಟೆ ಮಲಗಬೇಡಿ, ಯಾಕೆಂದರೆ ಮಲಗಿದಾಗ ಆಮ್ಲ ಸುಲಭವಾಗಿ ಹಿಂದಕ್ಕೆ ಹರಿಯುತ್ತದೆ. ಹಾಸಿಗೆಯ ತಲೆಯ ಕಡೆ ಎತ್ತರ ಮಾಡಿ. ಎಡ ಮಗ್ಗುಲಿಗೆ ಮಲಗಿ, ಆಗ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ. ಹೊಟ್ಟೆಯ ಬೊಜ್ಜು ಕರಗಿಸಿ, ಒಳಗಿನ ಒತ್ತಡ ಇಳಿಯುತ್ತದೆ. ಸಿಗರೇಟು ಬಿಡಿ, ಅದು ಆ ಉಂಗುರವನ್ನು ಸಡಿಲ ಮಾಡುತ್ತದೆ.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳು ನಿಮಗೆ ಗೊತ್ತಿರಬಹುದು. ಆಮ್ಲ ತಯಾರಿಸುವ ಪಂಪ್‌ಗಳನ್ನೇ ಅವು ನಿಲ್ಲಿಸುತ್ತವೆ. ಆದರೆ ಓಡುತ್ತಿರುವ ಪಂಪ್ ಮೇಲೆ ಮಾತ್ರ ಕೆಲಸ ಮಾಡುತ್ತವೆ. ಪಂಪ್ ಓಡುವುದು ಊಟ ಮಾಡಿದಾಗ. ಅದಕ್ಕೆ ಈ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಊಟವಾದ ಮೇಲೆ ನುಂಗಿ, ಏನೂ ಉಪಯೋಗ ಆಗಲಿಲ್ಲ ಅನ್ನುವವರೇ ಜಾಸ್ತಿ. ವೈದ್ಯರನ್ನು ಕೇಳದೆ ಅದನ್ನು ವರ್ಷಗಟ್ಟಲೆ ನುಂಗುವುದೂ ಸರಿಯಲ್ಲ.

[ಅನಿಮೇಷನ್: ಜಠರ. ಪರದೆಯ ಮೇಲೆ: 1822]

ಈಗ ಜಠರ. ಇದರೊಳಗೆ ಏನಾಗುತ್ತದೆ ಅಂತ ಜನ ಮೊದಲು ಕಣ್ಣಾರೆ ನೋಡಿದ್ದರ ಹಿಂದೆ ಒಂದು ವಿಚಿತ್ರ ಕಥೆ ಇದೆ.

1822ರ ಜೂನ್. ಅಮೆರಿಕದ ಮ್ಯಾಕಿನಾ ದ್ವೀಪ. ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನುವ ಯುವಕನಿಗೆ ಹತ್ತಿರದಿಂದಲೇ ಆಕಸ್ಮಿಕವಾಗಿ ಗುಂಡು ತಗುಲಿತು. ಸೇನಾ ವೈದ್ಯ ವಿಲಿಯಂ ಬೋಮಾಂಟ್ ಚಿಕಿತ್ಸೆ ಮಾಡಿದ. ಯುವಕ ಬದುಕಿದ, ಆದರೆ ಹೊಟ್ಟೆಯ ತೂತು ಪೂರ್ತಿ ಮುಚ್ಚಲೇ ಇಲ್ಲ. ಹೊರಗಿನಿಂದ ನೇರವಾಗಿ ಜಠರದೊಳಗೆ ನೋಡಬಹುದಾಗಿತ್ತು. ಬೋಮಾಂಟ್ ಆಹಾರದ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಇಳಿಬಿಟ್ಟ. ಸ್ವಲ್ಪ ಹೊತ್ತಿಗೊಮ್ಮೆ ಎಳೆದು, ಎಷ್ಟು ಕರಗಿದೆ ಅಂತ ಬರೆದುಕೊಂಡ. ಜಠರದ ರಸವನ್ನು ಶೀಶೆಗೆ ತೆಗೆದು, ಮೈಯ ಬಿಸಿಯಷ್ಟೇ ಬಿಸಿಯಲ್ಲಿಟ್ಟು, ಅದರಲ್ಲಿ ಮಾಂಸ ಹಾಕಿದ. ಅಲ್ಲೂ ಕರಗಿತು. ಜಠರ ಬರೀ ಅರೆಯುವ ಚೀಲವಲ್ಲ, ಇಲ್ಲಿ ನಡೆಯುವುದು ರಸಾಯನ ಕ್ರಿಯೆ ಅನ್ನುವುದಕ್ಕೆ ಕಣ್ಣೆದುರಿಗೇ ಸಾಕ್ಷಿ ಸಿಕ್ಕಿತು. 1833ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಸೇಂಟ್ ಮಾರ್ಟಿನ್‌ಗೆ ಇದು ಇಷ್ಟವಿತ್ತಾ? ಅಷ್ಟೇನೂ ಇರಲಿಲ್ಲ. ಪ್ರಯೋಗದ ನಡುವೆ ಒಮ್ಮೆ ಹೇಳದೆ ಕೇಳದೆ ಕೆನಡಾಕ್ಕೆ ಹೊರಟುಹೋದ. ಹೊಟ್ಟೆಯಲ್ಲಿ ತೂತಿಟ್ಟುಕೊಂಡೇ ಆತ 1880ರವರೆಗೆ ಬದುಕಿದ. ವೈದ್ಯನೇ ಮೊದಲು ತೀರಿಕೊಂಡ.

ಆ ರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪ್ರೋಟೀನ್ ಒಡೆಯುವ ಪೆಪ್ಸಿನ್. ಮಾಂಸವನ್ನೇ ಕರಗಿಸುವ ಈ ರಸ ಜಠರವನ್ನು ಯಾಕೆ ಕರಗಿಸುವುದಿಲ್ಲ? ಒಳಗೋಡೆಯ ಮೇಲೆ ಲೋಳೆಯ ಪದರ ಇದೆ. ಆ ಲೋಳೆಯಲ್ಲಿ ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಇದೆ. ಕೆಲವೇ ದಿನಗಳಿಗೊಮ್ಮೆ ಮೇಲ್ಪದರದ ಕೋಶಗಳು ಹೊಸದಾಗುತ್ತವೆ. ಈ ರಕ್ಷಣೆ ಕೆಟ್ಟ ಕಡೆ ಹುಣ್ಣಾಗುತ್ತದೆ. ಅದೇ ಅಲ್ಸರ್.

ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದು, ಅಲ್ಸರ್‌ಗೆ ಚಿಂತೆ ಮತ್ತು ಖಾರವೇ ಕಾರಣ ಅಂತ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದು ಬ್ಯಾಕ್ಟೀರಿಯಾದ ಕೆಲಸ ಅಂದರು. ಅಷ್ಟು ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕುವುದುಂಟೇ ಅಂತ ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ ಶುರುವಾಯಿತು. ಒಳಗೆ ಪರೀಕ್ಷಿಸಿದಾಗ ಜಠರ ಊದಿಕೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾದ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಅದು ತನ್ನ ಸುತ್ತ ಅಮೋನಿಯಾ ತಯಾರಿಸಿಕೊಂಡು ಆಮ್ಲದಿಂದ ತಪ್ಪಿಸಿಕೊಳ್ಳುತ್ತದೆ. ಉಸಿರಿನ ಪರೀಕ್ಷೆಯಲ್ಲಿ ಪತ್ತೆಯಾಗುತ್ತದೆ. ಸರಿಯಾದ ಆಂಟಿಬಯಾಟಿಕ್‌ಗಳನ್ನು ಪೂರ್ತಿ ಅವಧಿ ತೆಗೆದುಕೊಂಡರೆ ವಾಸಿಯಾಗುತ್ತದೆ.

ಅಲ್ಸರ್‌ನ ಎರಡನೇ ದೊಡ್ಡ ಕಾರಣ ನಮ್ಮ ಮನೆಯ ಔಷಧಿ ಡಬ್ಬಿಯಲ್ಲೇ ಇರುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು. ನೋವು ಹುಟ್ಟಿಸುವ ರಾಸಾಯನಿಕವನ್ನು ಇವು ತಡೆಯುತ್ತವೆ ನಿಜ. ಆದರೆ ಜಠರದ ಲೋಳೆಯನ್ನು ಕಾಪಾಡುವುದೂ ಅದೇ ಗುಂಪಿನ ರಾಸಾಯನಿಕಗಳು. ಮಂಡಿನೋವಿಗೆ ಅಂತ ತಿಂಗಳುಗಟ್ಟಲೆ ನುಂಗುವವರಿಗೆ ಇದು ಗೊತ್ತಿರಬೇಕು. ಹೃದಯಕ್ಕೆಂದು ವೈದ್ಯರೇ ಕೊಟ್ಟ ಆಸ್ಪಿರಿನ್ ಅನ್ನು ಇದನ್ನು ಕೇಳಿ ನೀವಾಗಿ ನಿಲ್ಲಿಸಬೇಡಿ, ಅವರ ಹತ್ತಿರವೇ ಮಾತಾಡಿ.

[ಅನಿಮೇಷನ್: ಸಣ್ಣ ಕರುಳು, ಪಿತ್ತಕೋಶ, ಮೇದೋಜೀರಕ]

ಜಠರದಿಂದ ಊಟ ಹೊರಡಲು ಎರಡರಿಂದ ನಾಲ್ಕು ಗಂಟೆ ಬೇಕು. ಜಿಡ್ಡು ಜಾಸ್ತಿ ಇದ್ದರೆ ಇನ್ನೂ ನಿಧಾನ. ಸಣ್ಣ ಕರುಳಿನ ಮೊದಲ ಗೇಣಿನಲ್ಲೇ ಎರಡು ರಸ ಬಂದು ಸೇರುತ್ತವೆ. ಮೇದೋಜೀರಕದ ರಸ ಆಮ್ಲವನ್ನು ತಣಿಸಿ ಪಿಷ್ಟ, ಪ್ರೋಟೀನ್, ಕೊಬ್ಬು ಮೂರನ್ನೂ ಒಡೆಯುತ್ತದೆ. ಲಿವರ್ ತಯಾರಿಸುವ ಪಿತ್ತರಸ ಕೊಬ್ಬನ್ನು ಸಣ್ಣ ಸಣ್ಣ ಹನಿ ಮಾಡುತ್ತದೆ. ಪಿತ್ತಕೋಶ ಆ ರಸವನ್ನು ಕೂಡಿಟ್ಟುಕೊಂಡು ಊಟದ ಹೊತ್ತಿಗೆ ಹಿಂಡುತ್ತದೆ. ಅಲ್ಲಿ ಕಲ್ಲು ಇದ್ದರೆ ಜಿಡ್ಡಿನ ಊಟವಾದ ಮೇಲೆ ಬಲಗಡೆ, ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ನೋಯುತ್ತದೆ. ಕೆಲವೊಮ್ಮೆ ಬಲ ಭುಜದವರೆಗೂ. ಇದನ್ನೂ ಗ್ಯಾಸ್ ಅಂತ ತಳ್ಳಿಹಾಕುವವರಿದ್ದಾರೆ.

ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್. ಒಳಗೋಡೆಯ ತುಂಬ ಬೆರಳಿನಂಥ ಲಕ್ಷಾಂತರ ಸೂಕ್ಷ್ಮ ಚಾಚುಗಳು. ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಅಂತ ಎಷ್ಟೋ ಪುಸ್ತಕಗಳಲ್ಲಿ ಓದಿರುತ್ತೀರಿ. ಹೊಸ ಅಳತೆಯ ಪ್ರಕಾರ ಅದು 30 ಚದರ ಮೀಟರ್ ಹತ್ತಿರ. ಅಷ್ಟೂ ಕಡಿಮೆಯೇನಲ್ಲ ಬಿಡಿ.

ಈ ಚಾಚುಗಳ ತುದಿಯಲ್ಲೇ ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇರುವುದು. ಬಾಲ್ಯ ದಾಟಿದ ಮೇಲೆ ಜಗತ್ತಿನ ಹೆಚ್ಚಿನ ಜನರಲ್ಲಿ ಇದು ಕಡಿಮೆಯಾಗುತ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುತ್ತವೆ. ಹೊಟ್ಟೆಯುಬ್ಬರ, ಗುಡುಗುಡು ಸದ್ದು, ನೀರು ಭೇದಿ. ಇದು ಅಲರ್ಜಿ ಅಲ್ಲ. ಸ್ವಲ್ಪ ಹಾಲು, ಮೊಸರು ಹೆಚ್ಚಿನವರಿಗೆ ಒಗ್ಗುತ್ತದೆ. ಭೇದಿಯಾದ ಕೆಲವು ದಿನ ಹಾಲು ಹಿಡಿಸದೇ ಇರುವುದಕ್ಕೂ ಇದೇ ಕಾರಣ. ಚಾಚುಗಳ ತುದಿ ಸವೆದಿರುತ್ತದೆ, ಮತ್ತೆ ಬೆಳೆಯಬೇಕು.

ಸೀಲಿಯಾಕ್ ಕಾಯಿಲೆ ಬೇರೆಯೇ. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಕಂಡರೆ ದೇಹದ ರಕ್ಷಣಾ ವ್ಯವಸ್ಥೆ ಈ ಚಾಚುಗಳ ಮೇಲೆಯೇ ದಾಳಿ ಮಾಡುತ್ತದೆ. ಅವು ಚಪ್ಪಟೆಯಾಗುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಇದೇ ಇರಬಹುದು ಅನ್ನಿಸಿದರೆ ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು.

[ಪರದೆಯ ಮೇಲೆ ಮತ್ತೆ: 9 ಲೀಟರ್]

ಆ ಲೆಕ್ಕಕ್ಕೆ ಬರೋಣ. ಸೋಂಕಾದಾಗ ಕರುಳು ನೀರನ್ನು ಹೀರುವುದು ಕಡಿಮೆಯಾಗುತ್ತದೆ. ಕಾಲರಾದಂಥ ಕಾಯಿಲೆಯಲ್ಲಿ ರಕ್ತದ ನೀರೇ ಕರುಳಿಗೆ ಸುರಿಯುತ್ತದೆ. ಒಂಬತ್ತು ಲೀಟರಿನ ವ್ಯವಹಾರದಲ್ಲಿ ಸ್ವಲ್ಪ ಏರುಪೇರಾದರೂ ಎಷ್ಟು ನಷ್ಟ ಅಂತ ಯೋಚಿಸಿ. ಭೇದಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ರೋಗಾಣು ಅಲ್ಲ, ಈ ನೀರು ಮತ್ತು ಉಪ್ಪಿನ ನಷ್ಟ.

ಬರೀ ನೀರು ಕುಡಿದರೆ ಸಾಲದಾ? ಸಾಲದು. ಕರುಳಿನ ಗೋಡೆಯಲ್ಲಿ ಒಂದು ಪ್ರೋಟೀನ್ ಇದೆ. ಅದು ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಒಟ್ಟಿಗೇ ಒಳಗೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆ ನೀರು ಬರುತ್ತದೆ. ಎಷ್ಟೇ ಭೇದಿಯಾಗುತ್ತಿದ್ದರೂ ಈ ದಾರಿ ಸಾಮಾನ್ಯವಾಗಿ ಕೆಡುವುದಿಲ್ಲ. ಓಆರ್‌ಎಸ್, ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ನೀರು, ನಿಂತಿರುವುದು ಇಷ್ಟರ ಮೇಲೆ. 1971ರ ಬಾಂಗ್ಲಾದೇಶ ಯುದ್ಧದ ಹೊತ್ತಿಗೆ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹರಡಿತು. ಡ್ರಿಪ್ ಬಾಟಲಿಗಳು ಸಾಲಲಿಲ್ಲ. ವೈದ್ಯ ದಿಲೀಪ್ ಮಹಲನಬೀಸ್ ಮತ್ತು ಅವರ ತಂಡ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸತೊಡಗಿದರು. ರೋಗಿಗಳ ಮನೆಯವರೇ ಕುಡಿಸುತ್ತಿದ್ದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಈ ವಿಡಿಯೋದಲ್ಲಿ ಹೇಳುತ್ತಿರುವ ಎಲ್ಲದರಲ್ಲಿ ನನಗೆ ಬಹಳ ದೊಡ್ಡದು ಅನ್ನಿಸುವುದು ಇದೇ.

ಪ್ಯಾಕೆಟ್ ಸಿಗದಿದ್ದರೆ: 1 ಲೀಟರ್ ಶುದ್ಧ ನೀರು, 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು. ಉಪ್ಪು ಜಾಸ್ತಿಯಾದರೆ ಅಪಾಯ, ಸಕ್ಕರೆ ಜಾಸ್ತಿಯಾದರೆ ಭೇದಿಯೇ ಜಾಸ್ತಿ. ಜ್ವರ ಅಥವಾ ರಕ್ತ ಇದ್ದಾಗ ಭೇದಿ ನಿಲ್ಲಿಸುವ ಮಾತ್ರೆ ನುಂಗಬೇಡಿ. ಪುಟ್ಟ ಮಕ್ಕಳಿಗೆ ನೀವಾಗಿ ಅದನ್ನು ಕೊಡಲೇಬೇಡಿ. ಮೂತ್ರ ಕಡಿಮೆಯಾಗಿದೆ, ಕಣ್ಣು ಗುಳಿ ಬಿದ್ದಿದೆ, ಮಗು ಮಂಕಾಗಿದೆ ಅಂದರೆ ಕಾಯುವುದು ಬೇಡ, ಆಸ್ಪತ್ರೆಗೆ ಹೋಗಿ.

[ಅನಿಮೇಷನ್: ದೊಡ್ಡ ಕರುಳು]

ದೊಡ್ಡ ಕರುಳು ಒಂದೂವರೆ ಮೀಟರ್. ಉಳಿದ ನೀರು ಹೀರುವುದು, ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೆ ಜಾಗ ಕೊಡುವುದು ಇದರ ಕೆಲಸ. ನಮಗೆ ಜೀರ್ಣವಾಗದ ನಾರನ್ನು ಅವು ತಿನ್ನುತ್ತವೆ. ಅದರಿಂದ ಬರುವ ಆಮ್ಲಗಳು ಕರುಳಿನ ಕೋಶಗಳಿಗೇ ಆಹಾರ. ಗಾಳಿಯೂ ಬರುತ್ತದೆ. ದಿನಕ್ಕೆ 10ರಿಂದ 20 ಸಲ ಗಾಳಿ ಹೋಗುವುದು ಕಾಯಿಲೆಯಲ್ಲ, ನಾಚಿಕೆ ಬೇಡ.

ದಿನಕ್ಕೊಂದು ಸಲ ಮಲ ವಿಸರ್ಜನೆ ಆಗಲೇಬೇಕು ಅಂತಲೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೂ ಸಹಜವೇ. ಅದಕ್ಕಿಂತ ಕಡಿಮೆಯಾಗಿ, ಗಟ್ಟಿಯಾಗಿ, ತಿಣುಕಬೇಕಾದರೆ ಮಲಬದ್ಧತೆ. ಹೊಟ್ಟೆಗೆ ತಿಂಡಿ ಬಿದ್ದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ, ಆ ಹೊತ್ತಿಗೆ ಹೋಗಿ ಕೂರಿ. ಕಮೋಡ್ ಆದರೆ ಕಾಲ ಕೆಳಗೆ ಗಿಡ್ಡ ಮಣೆ ಇಟ್ಟುಕೊಳ್ಳಿ. ನಾರನ್ನು ನಿಧಾನವಾಗಿ ಹೆಚ್ಚಿಸಿ, ಜೊತೆಗೆ ನೀರು. ಒಂದೇ ದಿನ ರಾಶಿ ನಾರು ತಿಂದರೆ ಹೊಟ್ಟೆ ಉಬ್ಬುತ್ತದೆ ಅಷ್ಟೇ. ದಿನಾ ತಿಣುಕುವವರಿಗೆ ಪೈಲ್ಸ್ ಬರುವುದು ಸಾಮಾನ್ಯ.

ಇನ್ನು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ಹೊಟ್ಟೆನೋವು, ಕೆಲವೊಮ್ಮೆ ಭೇದಿ, ಕೆಲವೊಮ್ಮೆ ಮಲಬದ್ಧತೆ. ಸ್ಕ್ಯಾನ್, ಕೊಲೊನೋಸ್ಕೋಪಿ ಎಲ್ಲ ನಾರ್ಮಲ್. ಮನೆಯವರು ಎಲ್ಲ ನಿನ್ನ ಭ್ರಮೆ ಅಂದುಬಿಡುತ್ತಾರೆ. ಭ್ರಮೆ ಅಲ್ಲ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಅವು ಮಿದುಳಿನ ಜೊತೆ ಸದಾ ಸಂಪರ್ಕದಲ್ಲಿರುತ್ತವೆ. ಐಬಿಎಸ್‌ನಲ್ಲಿ ಈ ಸಂಪರ್ಕ ಅತಿ ಸೂಕ್ಷ್ಮವಾಗುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿಯೂ ಇವರಿಗೆ ನೋವು. ಹಾಗಂತ ಇದನ್ನು ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅವುಗಳಲ್ಲಿ ಕರುಳು ನಿಜವಾಗಿಯೂ ಉರಿಯೂತದಿಂದ ಹಾಳಾಗುತ್ತದೆ, ಚಿಕಿತ್ಸೆ ಪೂರ್ತಿ ಬೇರೆ.

[ಪರದೆಯ ಮೇಲೆ: ತಡ ಮಾಡಬೇಡಿ]

ಮಲದಲ್ಲಿ ರಕ್ತ. ಟಾರಿನಂತೆ ಕಪ್ಪಗೆ, ಅಂಟಂಟು ಮಲ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಿಗೂ ಮಲ ಕಪ್ಪಾಗುತ್ತದೆ, ವೈದ್ಯರಿಗೆ ಹೇಳಿ. ನುಂಗುವಾಗ ಸಿಕ್ಕಿಕೊಳ್ಳುವುದು. ಕಾರಣವಿಲ್ಲದೆ ತೂಕ ಇಳಿಯುವುದು. ನಿದ್ದೆಯಿಂದ ಎಬ್ಬಿಸುವ ಭೇದಿ. ವಯಸ್ಸು 45 ದಾಟಿದ ಮೇಲೆ ಮಲ ವಿಸರ್ಜನೆಯ ರೀತಿ ಇದ್ದಕ್ಕಿದ್ದಂತೆ ಬದಲಾಗುವುದು. ಇವಕ್ಕೆ ಮನೆಮದ್ದು ಹುಡುಕುತ್ತಾ ಕೂರಬೇಡಿ.

ಇನ್ನೊಂದು. ಎದೆ ಅಥವಾ ಮೇಲ್ಹೊಟ್ಟೆಯ ಉರಿ ಜೊತೆಗೆ ಬೆವರು, ಏದುಸಿರು, ದವಡೆಗೋ ತೋಳಿಗೋ ಹರಡುವ ನೋವು ಇದ್ದರೆ ಅದು ಹೃದಯಾಘಾತ ಇರಬಹುದು. ಅಸಿಡಿಟಿ ಸಿರಪ್ ಕುಡಿದು ಕಾಯಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.

ಉಳಿದ ತೊಂದರೆಗಳಿಗೆ ವೈದ್ಯರ ಹತ್ತಿರ ಹೋಗುವಾಗ ಸುಮ್ನೆ ಹೊಟ್ಟೆ ಸರಿಯಿಲ್ಲ ಅನ್ನಬೇಡಿ. ನೋವು ಎಲ್ಲಿ, ಊಟಕ್ಕೆ ಮೊದಲೋ ಆಮೇಲೋ, ಮಲ ಹೇಗಿದೆ, ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋದರೂ ಆಯಿತು.